ಎಂ ಅಕ್ಷರಕ್ಕೆ ಕೆಂಪು ಟೇಪು

ಅಮೆರಿಕದ ಮಿಚಿಗನ್ ಯೂನಿವರ್ಸಿಟಿ ಟೀಮು ಸೋತ್ರೆ ಖುಷಿ ಪಡೋದನ್ನ ನಾನು ಫುಟ್‌ಬಾಲ್ ಅರ್ಥ ಆಗೋಕೂ ಮುಂಚೆ ಕಲಿತೆ. ಜಂಬಕ್ಕೆ ಹೇಳ್ತಿಲ್ಲ, ಆಗಿದ್ದೇ ಹಾಗೆ. 2007ರ ಆಗಸ್ಟ್ ಕೊನೇಲಿ ದಾವಣಗೆರೆಯಿಂದ ಎರಡು ಸೂಟ್‌ಕೇಸು, ಒಂದು ಕುಕ್ಕರು, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಹಿಡ್ಕೊಂಡು ಒಹಾಯೋ ಸ್ಟೇಟ್ ಯೂನಿವರ್ಸಿಟೀಲಿ ಎಂಎಸ್ ಮಾಡೋಕೆ ಅಂತ ಕೊಲಂಬಸ್‌ಗೆ ಬಂದಿಳಿದೆ, ಇನ್ನೂ ಮಲಗೋಕೆ ಹಾಸಿಗೆ ಕೂಡ ತಗೊಂಡಿರ್ಲಿಲ್ಲ, ಸೆಪ್ಟೆಂಬರ್ 1ನೇ ತಾರೀಕು ಶನಿವಾರ ಮಧ್ಯಾಹ್ನದ ಮೇಲೆ ಇಡೀ ಬೀದಿ ಕೂಗೋಕೆ ಶುರು ಮಾಡ್ತು. ಬಾಲ್ಕನಿಗಳಲ್ಲಿ ಜನ, ಕಾರ್ ಹಾರ್ನು, ಯಾರೋ ಒಬ್ಬ ಅಂಗಿ ಬಿಚ್ಚಿ ತಲೆ ಮೇಲೆ ಗಿರಗಿರ ತಿರುಗಿಸ್ತಿದ್ದ. ನಾನು ಓಹೋ ನಮ್ಮ ಕಾಲೇಜು ಗೆದ್ದಿರ್ಬೇಕು ಅಂದ್ಕೊಂಡೆ. ಅವತ್ತು ನಮ್ಮೋರ ಮ್ಯಾಚೂ ಇತ್ತು, ಗೆದ್ದೂ ಇದ್ರು, ಆದ್ರೆ ಅದರ ಬಗ್ಗೆ ಯಾರಿಗೂ ಖಬರೇ ಇಲ್ಲ. ಕೂಗ್ತಿದ್ದಿದ್ದು ಮುನ್ನೂರು ಕಿಲೋಮೀಟರ್ ದೂರದ ಆನ್ ಆರ್ಬರ್‌ನಲ್ಲಿ ನಮ್ಮೋರ ವೈರಿ ಮಿಚಿಗನ್ ಸೋತಿದ್ದಕ್ಕೆ.

ಸೋತಿದ್ದು ಯಾರಿಗೆ? ಉತ್ತರ ಕೆರೊಲಿನಾದ ಬೆಟ್ಟದೂರಿನ ಅಪಲಾಚಿಯನ್ ಸ್ಟೇಟ್ ಅನ್ನೋ ಟೀಮಿಗೆ. ಕೆಳಗಿನ ವಿಭಾಗದಲ್ಲಿ ಆಡೋ ಟೀಮು ಅದು. ಮಿಚಿಗನ್ ಆಗ ದೇಶಕ್ಕೇ 5ನೇ ರ‍್ಯಾಂಕು. ದೊಡ್ಡ ಕಾಲೇಜುಗಳು ಸೀಸನ್ ಶುರುವಿಗೆ ಇಂಥ ಸಣ್ಣವರನ್ನ ದುಡ್ಡು ಕೊಟ್ಟು ಕರೆಸಿ, ಹೊಡೆದು, ಕೈ ಬಿಸಿ ಮಾಡ್ಕೊಳ್ತಾರೆ. ದುಡ್ಡು ಇಸ್ಕೊಂಡು ಬಂದೋರು 34-32ರಲ್ಲಿ ಹೊಡೆದು ಹೋದ್ರು. ಕೊನೇ ಸೆಕೆಂಡುಗಳಲ್ಲಿ ಮಿಚಿಗನ್‌ನವನು ಒದ್ದ ಚೆಂಡನ್ನ ಒಬ್ಬ ಹಾರಿ ತಡೆದುಬಿಟ್ಟ. ತಮಾಷೆ ಏನಂದ್ರೆ ಆ ಮ್ಯಾಚ್ ಬಂದಿದ್ದು ಎರಡು ದಿನ ಹಿಂದಷ್ಟೇ ಶುರುವಾಗಿದ್ದ ಬಿಗ್ ಟೆನ್ ನೆಟ್‌ವರ್ಕ್ ಅನ್ನೋ ಚಾನೆಲ್‌ನಲ್ಲಿ, ತುಂಬಾ ಜನರ ಮನೆ ಕೇಬಲ್‌ಗೆ ಅದು ಬರ್ತಾನೇ ಇರ್ಲಿಲ್ಲ. ಅಂದ್ರೆ ನಮ್ಮ ಬೀದಿಯ ಅರ್ಧಕ್ಕರ್ಧ ಜನ ನೋಡದೇ ಇರೋ ಮ್ಯಾಚಿಗೆ, ತಮ್ಮ ಟೀಮ್ ಆಡದೇ ಇರೋ ಮ್ಯಾಚಿಗೆ, ಅಂಗಿ ಬಿಚ್ಚಿ ಕುಣೀತಿದ್ರು.

ನಮ್ಮಜ್ಜಿ ಒಂದು ಒರಟು ಗಾದೆ ಹೇಳ್ತಿದ್ಲು, ಗಂಡ ಸತ್ರೂ ಪರವಾಗಿಲ್ಲ ಸವತಿ ಮುಂಡೆ ಆಗ್ಬೇಕು ಅಂತ. ಅವತ್ತು ಬಾಲ್ಕನೀಲಿ ನಿಂತು ನೆನಪಾಗಿದ್ದು ಅದೇ. ಅಮೆರಿಕ ಬೇರೆ ಲೋಕ ಅಂದ್ಕೊಂಡು ಬಂದಿದ್ದೆ, ಮೊದಲ ವಾರಾನೇ ಅಜ್ಜಿ ಸಿಕ್ಕಿದ್ಲು.

ಗೊತ್ತಿಲ್ದೇ ಇರೋರಿಗೆ ಎರಡು ಮಾತು. ಇದು ಮೆಸ್ಸಿ ಆಡೋ ಫುಟ್‌ಬಾಲ್ ಅಲ್ಲ, ಮೊಟ್ಟೆ ಆಕಾರದ ಚೆಂಡು ಹಿಡ್ಕೊಂಡು ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋದು, ಆಡೋರು ಕಾಲೇಜು ಹುಡುಗ್ರು. ಆದ್ರೆ ಮಿಚಿಗನ್ ಸ್ಟೇಡಿಯಮ್ಮಿನ ಸೀಟು 1,07,601, ನಮ್ಮ ಚಿನ್ನಸ್ವಾಮಿಯ ಎರಡೂವರೆ ಪಟ್ಟಿಗಿಂತ ಜಾಸ್ತಿ. ಕೊಲಂಬಸ್‌ದೂ ಒಂದು ಲಕ್ಷದ ಮೇಲೆ. ಸೀಸನ್ನಿಗೆ 12 ಮ್ಯಾಚು. ಒಹಾಯೋ ಸ್ಟೇಟೂ ಮಿಚಿಗನ್ನೂ ಎದುರುಬದುರಾಗೋದು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಸಲ, ನವೆಂಬರ್ ಕೊನೇಲಿ, ಮಧ್ಯಾಹ್ನ 12ಕ್ಕೆ. ಐಪಿಎಲ್ ಥರ ಹದಿನೈದು ದಿನಕ್ಕೆ ಸೇಡು ತೀರಿಸ್ಕೊಳ್ಳೋ ಅವಕಾಶ ಇಲ್ಲ. ಸೋತ್ರೆ 364 ದಿನ ಬಾಯಿ ಮುಚ್ಕೊಂಡಿರ್ಬೇಕು. ಗೇಲಿ ಇಷ್ಟು ಹುಲುಸಾಗಿ ಬೆಳೆಯೋಕೆ ಈ ಲೆಕ್ಕಾಚಾರವೇ ಕಾರಣ ಅಂತ ನನ್ನ ಅನಿಸಿಕೆ.

ಜಗಳ ಫುಟ್‌ಬಾಲಿಗಿಂತ ಹಳೇದು. 1835ರಲ್ಲಿ ಟೊಲೆಡೋ ಊರು ನಮ್ದು ತಮ್ದು ಅಂತ ಎರಡೂ ಕಡೆಯೋರು ಸೇನೆ ಕಟ್ಕೊಂಡು ಗಡೀಲಿ ನಿಂತಿದ್ರು. ಬೆಳಗಾವಿ ನೋಡಿದೋರಿಗೆ ನಾನು ಜಾಸ್ತಿ ವಿವರಿಸ್ಬೇಕಿಲ್ಲ. ಆ ಇಡೀ ಯುದ್ಧದಲ್ಲಿ ರಕ್ತ ಬಂದಿದ್ದು ಒಬ್ಬನಿಗೆ, ಮಿಚಿಗನ್‌ನ ಡೆಪ್ಯುಟಿ ಶೆರಿಫ್‌ಗೆ, ಚುಚ್ಚಿದವನ ಹೆಸರು ಟೂ ಸ್ಟಿಕ್ನಿ, ಚುಚ್ಚಿದ್ದು ಪೆನ್ನು ಹೆರೆಯೋ ಚಾಕುವಲ್ಲಿ. ಟೂ ಅಂದ್ರೆ ಎರಡು ಅಂತಲೇ, ಅವನ ಅಣ್ಣನ ಹೆಸರು ವನ್, ಅಪ್ಪ ಮಕ್ಕಳಿಗೆ ನಂಬರ್ ಹಾಕಿದ್ದ. ಕೊನೆಗೆ ಟೊಲೆಡೋ ಒಹಾಯೋಗೆ ಹೋಯ್ತು, ಮಿಚಿಗನ್‌ಗೆ ಸಮಾಧಾನಕ್ಕೆ ಅಂತ ಉತ್ತರದ ಕಾಡು ಕೊಟ್ರು, ಆಮೇಲೆ ನೋಡಿದ್ರೆ ಆ ಕಾಡಿನ ಅಡಿ ತುಂಬಾ ತಾಮ್ರ, ಕಬ್ಬಿಣ. ಟೊಲೆಡೋ ಅನ್ನೋ ಹೆಸರು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ನವೆಂಬರಿನ ಆ ಪಂದ್ಯದ ವಾರ ಕೊಲಂಬಸ್ ಕ್ಯಾಂಪಸ್‌ನಲ್ಲಿ ಬೋರ್ಡುಗಳ ಮೇಲಿರೋ ಎಂ ಅಕ್ಷರಕ್ಕೆಲ್ಲ ಕೆಂಪು ಟೇಪಿನಲ್ಲಿ ಅಡ್ಡ ಗೀಟು ಹಾಕ್ತಾರೆ. ಮಿಚಿಗನ್ ಅನ್ನೋ ಪದಾನೇ ಬಾಯಲ್ಲಿ ತರಲ್ಲ, ಆ ಉತ್ತರದ ಟೀಮು ಅಂತಾರೆ. ಹಳೇ ಕೋಚ್ ವುಡಿ ಹೇಯ್ಸ್ ಮಿಚಿಗನ್ ಗಡಿಯೊಳಗೆ ಪೆಟ್ರೋಲ್ ಹಾಕಿಸೋಲ್ಲ, ಬೇಕಾದ್ರೆ ಒಹಾಯೋವರೆಗೆ ಕಾರ್ ತಳ್ತೀನಿ ಅಂದಿದ್ನಂತೆ ಅನ್ನೋ ಕಥೆ ಸುಳ್ಳೋ ನಿಜವೋ, ಅಲ್ಲಿ ಎಲ್ರ ಬಾಯಲ್ಲೂ ಇದೆ. ನನ್ನ ಹೆಸರು ಶುರುವಾಗೋದೇ ಎಂ ಅಕ್ಷರದಿಂದ. ಆ ನವೆಂಬರಲ್ಲಿ ಒಂದಿನ ಲ್ಯಾಬಿಗೆ ಹೋದ್ರೆ ನನ್ನ ಡೆಸ್ಕ್ ಮೇಲಿನ ಹೆಸರಿಗೂ ಯಾರೋ ಕೆಂಪು ಟೇಪ್ ಹೊಡೆದಿದ್ರು. ಅಲ್ಲೀವರೆಗೆ ಅವರಲ್ಲಿ ಯಾರೂ ನನ್ನ ಹೆಸರನ್ನ ಸರಿಯಾಗಿ ಕರೆದದ್ದಿಲ್ಲ. ತಲೆ ಇಲ್ಲದ ನನ್ನ ಹೆಸರು ನೋಡಿ ನನಗಾದ ಸಂತೋಷ, ಹೇಳಿದ್ರೆ ನಗ್ತೀರ, ಕಣ್ಣಲ್ಲಿ ನೀರು ಬಂತು.

ಯಾಕಂದ್ರೆ ವೀಸಾ ಮೇಲೆ ಬಂದವನಿಗೆ ಆ ದೇಶದಲ್ಲಿ ಯಾವುದನ್ನೂ ಆಡ್ಕೊಳ್ಳೋ ಹಕ್ಕಿಲ್ಲ. ರಾಜಕೀಯಕ್ಕೆ ಬಾಯಿ ಹಾಕಂಗಿಲ್ಲ, ಊಟ ಚೆನ್ನಾಗಿಲ್ಲ ಅನ್ನಂಗಿಲ್ಲ, ಚಳಿ ಜಾಸ್ತಿ ಅಂದ್ರೂ ಮತ್ಯಾಕಪ್ಪಾ ಬಂದೆ ಅನ್ನೋ ಥರ ನೋಡ್ತಾರೆ. ಆದ್ರೆ ಮಿಚಿಗನ್‌ನ ಬೈದ್ರೆ ಯಾರೂ ಪಾಸ್‌ಪೋರ್ಟ್ ಕೇಳಲ್ಲ. ಅಂಗಡಿ ಕ್ಯೂನಲ್ಲಿ ಗುರುತೇ ಇಲ್ದೋನು ಓ-ಎಚ್ ಅಂತಾನೆ, ನೀವು ಐ-ಓ ಅಂದ್ರೆ ಮುಗೀತು, ಮನೆ ಮಗ.

2008ರಲ್ಲಿ ಮಿಚಿಗನ್ ಪೂರ್ತಿ ನೆಲ ಕಚ್ತು. ಹೊಸ ಕೋಚ್ ರಿಚ್ ರಾಡ್ರಿಗಸ್, 3 ಗೆಲುವು 9 ಸೋಲು, ಸೀಸನ್ ಕೊನೇಲಿ ಚೆನ್ನಾಗಿ ಆಡಿದೋರಿಗೆ ಸಿಗೋ ಬೌಲ್ ಪಂದ್ಯಕ್ಕೆ 33 ವರ್ಷ ಬಿಡದೇ ಹೋಗ್ತಿದ್ದ ಸಾಲು ಮುರೀತು, ಟೊಲೆಡೋ ಯೂನಿವರ್ಸಿಟಿಯೋರು ಬಂದು ಅವರ ಮನೇಲೇ 13-10ರಲ್ಲಿ ಸೋಲಿಸಿ ಹೋದ್ರು. ನಾವು ಲ್ಯಾಬಲ್ಲಿ ಟೊಲೆಡೋ ಯುದ್ಧ ಈಗ ಮುಗೀತು ಅಂತ ಕೇಕ್ ಕಟ್ ಮಾಡಿದ್ವಿ. ನವೆಂಬರಲ್ಲಿ ನಾನು ಸ್ಟೂಡೆಂಟ್ ಟಿಕೆಟ್ ತಗೊಂಡು ಸ್ಟೇಡಿಯಮ್ಮಲ್ಲೇ ಇದ್ದೆ, 42-7. ಕೊನೇ ಕ್ವಾರ್ಟರ್ ಹೊತ್ತಿಗೆ ಬೋರ್ ಹೊಡೀತಿತ್ತು. ಸುತ್ತ ಒಂದು ಲಕ್ಷ ಜನ, ಯಾರಿಗೂ ಕೂಗೋ ಉಮೇದಿಲ್ಲ. ಕಾಲೆಳೆಯೋಣ ಅಂದ್ರೆ ಕಾಲೇ ಇರ್ಲಿಲ್ಲ ಅವರಿಗೆ. ಎದುರಾಳಿ ಅಷ್ಟು ಕೆಳಗೆ ಹೋಗ್ಬಾರ್ದು ಅಂತ ಮೊದಲ್ನೇ ಸಲ ಅನ್ಸಿದ್ದು ಅವತ್ತು, ಮುಂದಿನ ವಾರ ಮತ್ತೆ ಮೂರು-ಒಂಬತ್ತು ಅಂತ ಆಡ್ಕೊಂಡು ನಕ್ಕಿದ್ದೂ ನಿಜ.

ಹಣೆಬರಹ ನೋಡಿ, 2011ರಲ್ಲಿ ನನಗೆ ಕೆಲಸ ಸಿಕ್ಕಿದ್ದು ಮಿಚಿಗನ್‌ನಲ್ಲೇ. ಕಾರ್ ಪಾರ್ಟ್ಸ್ ಕಂಪನಿ. ಡೆಟ್ರಾಯಿಟ್ ಸುತ್ತಮುತ್ತ ಇರೋ ಕನ್ನಡಿಗರಲ್ಲಿ ತುಂಬಾ ಜನ ಹೀಗೇ, ಕಾರಿನ ಹಿಂದೆ ಬಂದೋರು. ಆ ವರ್ಷಾನೇ ಒಹಾಯೋ ಸ್ಟೇಟ್ ಮಾನ ಹರಾಜಾಯ್ತು, ಆಟಗಾರರು ತಮಗೆ ಸಿಕ್ಕ ಪದಕ ಜೆರ್ಸಿಗಳನ್ನ ಟ್ಯಾಟೂ ಅಂಗಡಿಯವನ ಹತ್ರ ಮಾರ್ಕೊಂಡಿದ್ರು, ಅದನ್ನ ಮುಚ್ಚಿಟ್ಟ ಕೋಚ್ ಜಿಮ್ ಟ್ರೆಸಲ್ ರಾಜೀನಾಮೆ ಕೊಡ್ಬೇಕಾಯ್ತು, ನವೆಂಬರಲ್ಲಿ 40-34ರಲ್ಲಿ ಸೋತೂ ಬಿಟ್ವಿ. ಸೋಮವಾರ ಆಫೀಸಿಗೆ ಹೋದ್ರೆ ನನ್ನ ಮಾನಿಟರ್ ತುಂಬಾ ಮಕ್ಕಳು ಅಂಟಿಸ್ಕೊಳ್ಳೋ ಟ್ಯಾಟೂ ಸ್ಟಿಕ್ಕರು. ಒಳ್ಳೇ ಸ್ವಾಗತ.

ಮುಂದಿನ ವರ್ಷ ಡೆಟ್ರಾಯಿಟ್ ಹತ್ರದ ಕ್ಯಾಂಟನ್‌ನಲ್ಲಿ ಮನೆ ತಗೊಂಡ್ವಿ. ಪಕ್ಕದ್ಮನೆಯವರು ಕಾರ್ ಫ್ಯಾಕ್ಟರೀಲಿ ಲೈನ್ ಮೇಲೆ ಕೆಲಸ ಮಾಡಿ ರಿಟೈರ್ ಆದೋರು, ಗ್ಯಾರೇಜ್ ಬಾಗಿಲಷ್ಟು ಅಗಲದ ಹಳದಿ ಎಂ ಬಾವುಟ, ಗುಡ್ ಮಾರ್ನಿಂಗ್ ಬದ್ಲು ಗೋ ಬ್ಲೂ. ನನ್ನ ಮಗಳು ಮಾತು ಕಲಿತ ಮೇಲೆ ಅವರಿಗಿಟ್ಟ ಹೆಸರೇ ಗೋ ಬ್ಲೂ ಅಂಕಲ್. ಬಕೈ ಅಂದ್ರೆ ಒಂದು ಮರದ ಕಾಯಿ, ಕಂದು ಬಣ್ಣ, ನಡುವೆ ಒಂದು ಬಿಳಿ ಕಣ್ಣು, ತಿನ್ನೋಕೆ ಬರಲ್ಲ, ವಿಷ, ಒಹಾಯೋದವ್ರು ತಮ್ಮ ಟೀಮಿಗೆ ಅದರ ಹೆಸರು ಇಟ್ಕೊಂಡಿದಾರೆ. ಕೊಲಂಬಸ್‌ನಿಂದ ತಂದ ಕಾಯಿ ಒಂದು ಡಬ್ಬಿ ತುಂಬಾ ಇತ್ತು ನನ್ನ ಹತ್ರ. ಮೊದಲನೇ ವರ್ಷ 26-21ರಲ್ಲಿ ಗೆದ್ದಾಗ ಒಂದು ಕಾಯಿ ತಗೊಂಡು ಹೋಗಿ ಅವರ ಮೇಲ್‌ಬಾಕ್ಸ್ ಮೇಲಿಟ್ಟು ಬಂದೆ. ಸಂಜೆ ಅದು ಬೇಲಿ ಹಾರಿ ನನ್ನ ಅಂಗಳಕ್ಕೆ ಬಿತ್ತು. ಸ್ನೇಹ ಶುರುವಾಗಿದ್ದು ಹಾಗೆ.

ಆ ವರ್ಷಾನೂ ಸೇರಿ ಎಂಟು ವರ್ಷ ಸುಗ್ಗಿ. 42-41, 42-28, 42-13, ಹೀಗೇ. 2014ರ ಕೊನೇಲಿ ಜಿಮ್ ಹಾರ್ಬಾ ಕೋಚಾಗಿ ಬಂದಾಗ ಅಂಕಲ್ ಊರೆಲ್ಲ ಸಿಹಿ ಹಂಚೋದೊಂದು ಬಾಕಿ, ಅವ್ನೂ ನಮ್ಮೆದುರು ಸೋತಾ ಹೋದ. 2015ರ ಅಕ್ಟೋಬರ್‌ನಲ್ಲಿ ಅದೇ ರಾಜ್ಯದ ಇನ್ನೊಂದು ಯೂನಿವರ್ಸಿಟಿ ಮಿಚಿಗನ್ ಸ್ಟೇಟ್ ಎದುರು ಇನ್ನು 10 ಸೆಕೆಂಡ್ ಇದೆ, ಮಿಚಿಗನ್ ಗೆದ್ದಾಗಿದೆ, ಚೆಂಡನ್ನ ದೂರಕ್ಕೆ ಒದ್ದುಬಿಟ್ರೆ ಸಾಕು, ಒದೆಯೋನ ಕೈಯಿಂದ ಚೆಂಡು ಜಾರಿ ಎದುರಿನವನು ಎತ್ಕೊಂಡು ಓಡಿ ಟಚ್‌ಡೌನ್, 27-23. ನಮ್ಮ ಮ್ಯಾಚೇ ಅಲ್ಲ ಅದು. ಆದ್ರೂ ನಾನು ಅಂಕಲ್ ಕಾಫಿ ಕಪ್ ಎತ್ತಿದಾಗೆಲ್ಲ ಹುಷಾರು ಜಾರೀತು ಅಂತಿದ್ದೆ, ಒಂದು ವರ್ಷ ಪೂರ್ತಿ. 2016ದನ್ನ ಅವರ ಬೇಸ್‌ಮೆಂಟ್‌ನಲ್ಲೇ ಕೂತು ನೋಡಿದ್ದು. ಎರಡನೇ ಓವರ್‌ಟೈಮು, ನಾಲ್ಕನೇ ಡೌನು ಅಂದ್ರೆ ಕೊನೇ ಚಾನ್ಸು, ನಮ್ಮ ಜೆ.ಟಿ. ಬ್ಯಾರೆಟ್ ಒಂದು ಗಜ ನುಗ್ಗಿದ್ನೋ ಇಲ್ವೋ, ಅಂಪೈರು ನುಗ್ಗಿದ ಅಂದ್ರು, ಮುಂದಿನ ಆಟಕ್ಕೇ ಮ್ಯಾಚ್ ಮುಗೀತು, 30-27. ಅಂಕಲ್ ಇವತ್ತಿಗೂ ಹೆಬ್ಬೆರಳು ತೋರುಬೆರಳು ಇಷ್ಟು ದೂರ ಹಿಡಿದು, ಇಷ್ಟು ಕಮ್ಮಿ ಇತ್ತು ಅಂತ ತೋರಿಸ್ತಾರೆ. ವರ್ಷ ಕಳೆದ ಹಾಗೆ ಆ ಬೆರಳುಗಳ ನಡುವಿನ ಜಾಗ ದೊಡ್ಡದಾಗ್ತಾ ಇದೆ.

ಇಷ್ಟೊತ್ತಿಗೆ ನಿಮಗೊಂದು ಪ್ರಶ್ನೆ ಬಂದಿರ್ಬೇಕು, ಅಲ್ಲಯ್ಯಾ ನೀನು ಆರ್‌ಸಿಬಿ ಅಭಿಮಾನಿ ಅಲ್ವಾ, ನಿನಗೆ ಇನ್ನೊಬ್ಬರ ಸೋಲಿಗೆ ನಗೋ ಮುಖ ಎಲ್ಲಿಂದ ಬಂತು ಅಂತ. ಸರಿಯಾದ ಪ್ರಶ್ನೆ. ನವೆಂಬರಲ್ಲಿ ನಾನು ಹುಲಿ, ಏಪ್ರಿಲ್ ಮೇ ತಿಂಗಳಲ್ಲಿ ಅದೇ ಆಫೀಸಲ್ಲಿ ಚೆನ್ನೈನ ಸಹೋದ್ಯೋಗಿ ಒಬ್ಬ ನನ್ನ ಚರ್ಮ ಸುಲೀತಿದ್ದ. 2017ರಲ್ಲಿ 49ಕ್ಕೆ ಆಲೌಟ್ ಆದ ಮೇಲೆ ಅವನು ನನ್ನ ಕಂಡಾಗೆಲ್ಲ ಗಡಿಯಾರ ನೋಡಿ, ಗಂಟೆ ಎಷ್ಟೇ ಆಗಿರ್ಲಿ, ಹತ್ತು ಗಂಟೆ ನಲವತ್ತೊಂಬತ್ತು ನಿಮಿಷ ಅಂತಿದ್ದ. ಈ ಸಲ ಕಪ್ ನಮ್ದೇ ಅನ್ನೋ ಮಾತನ್ನ ಕನ್ನಡದಲ್ಲೇ ಕಲಿತಿದ್ದ ಪುಣ್ಯಾತ್ಮ, ಉಚ್ಚಾರಣೆ ಸ್ಪಷ್ಟ. ಅದೆಲ್ಲ ನಾನು ತಡ್ಕೊಂಡಿದ್ದೆ, ನಿಜ ಹೇಳ್ಬೇಕಂದ್ರೆ ಇಷ್ಟಾನೂ ಪಟ್ಟಿದ್ದೆ. ಹಾಗಾಗಿ ಗೇಲಿ ಎಷ್ಟು ಮಾಡಿದ್ರೂ ಗೇಲಿನೇ ಅಂತ ನನ್ನ ಲೆಕ್ಕ ಇತ್ತು.

2019ರ ನವೆಂಬರ್ 30. ಆನ್ ಆರ್ಬರ್‌ನಲ್ಲೇ 56-27. ನಮ್ಮನೇಲಿ ಎಂಟ್ಹತ್ತು ಜನ ಕನ್ನಡದವರು ಸೇರಿದ್ವಿ, ಮಂಡಕ್ಕಿ ಮೆಣಸಿನಕಾಯಿ ಬಜ್ಜಿ ಆಗಿತ್ತು, ಅಂಕಲ್‌ನೂ ಕರೆದಿದ್ದೆ, ಅವರು ಬಿಯರ್ ಕ್ಯಾನ್ ಹಿಡ್ಕೊಂಡು ಅದೇ ಮಾಸಿದ ಹಳದಿ ಟೋಪಿ ಹಾಕ್ಕೊಂಡು ಬಂದ್ರು. ಮ್ಯಾಚ್ ಮುಗೀತಿದ್ದ ಹಾಗೆ ಅವರು ಏನೋ ಅಂದ್ರು, ಮುಂದಿನ ವರ್ಷ ನಾವು ಹಾಗೆ ಹೀಗೆ ಅಂತ. ಆಫೀಸಲ್ಲಿ ಕೇಳಿಸ್ಕೊಂಡಿದ್ದ ಒಂದು ಪದ ನನ್ನ ನಾಲಿಗೆ ತುದೀಲಿತ್ತು, ವಾಲ್‌ಮಾರ್ಟ್ ವುಲ್ವರಿನ್. ವುಲ್ವರಿನ್ ಅಂದ್ರೆ ಮಿಚಿಗನ್ ಟೀಮಿನ ಹೆಸರು, ಮಿಚಿಗನ್ ಯೂನಿವರ್ಸಿಟೀಲಿ ಓದದೇ ಬರೀ ಅಂಗಡಿಯಿಂದ ಟೋಪಿ ಜೆರ್ಸಿ ತಂದು ಅಭಿಮಾನಿ ಆದೋರನ್ನ ಹೀಗಂತ ಆಡ್ಕೋತಾರೆ. ನಾವು ಅಂತೀರಲ್ಲ, ನೀವು ಯಾವತ್ತು ಆ ಕಾಲೇಜಿನ ಮೆಟ್ಟಿಲು ಹತ್ತಿದ್ರಿ ವಾಲ್‌ಮಾರ್ಟ್ ವುಲ್ವರಿನ್ ಅಂದ್ಬಿಟ್ಟೆ. ಎಲ್ರೂ ನಕ್ರು. ಅವರೂ ನಕ್ರು. ಕ್ಯಾನ್ ಖಾಲಿ ಮಾಡಿ, ಅದನ್ನ ಮುದುಡಿ ಡಸ್ಟ್‌ಬಿನ್‌ಗೆ ಹಾಕಿ, ನನ್ನ ಹೆಂಡ್ತಿಗೆ ಬಜ್ಜಿ ಚೆನ್ನಾಗಿತ್ತು ಅಂತ ಹೇಳಿ ಹೋದ್ರು.

ಮಾರನೇ ದಿನ ಮೇಲ್‌ಬಾಕ್ಸ್ ಮೇಲೆ ಕಾಯಿ ಇಟ್ಟೆ. ಅದು ವಾಪಸ್ ಬರ್ಲಿಲ್ಲ. ಒಂದು ವಾರ ಅಲ್ಲೇ ಇತ್ತು. ಆಮೇಲೆ ಹಿಮ ಬಿದ್ದು ಮುಚ್ಚೋಯ್ತು.

ನನಗೆ ಏನು ತಪ್ಪಾಯ್ತು ಅಂತ ಹೊಳೆಯೋಕೆ ದಿನ ಬೇಕಾಯ್ತು, ಹೊಳೆದಿದ್ದೂ ಅಂಕಲ್ ನೆನೆದು ಅಲ್ಲ, ಅಪ್ಪನಿಗೆ ಫೋನ್ ಮಾಡ್ತಿರುವಾಗ. ನಮ್ಮಪ್ಪ ದಾವಣಗೆರೆಯ ಕಾಟನ್ ಮಿಲ್ಲಲ್ಲಿ ಕೆಲಸ ಮಾಡಿದೋರು, ಎಸ್‌ಎಸ್‌ಎಲ್‌ಸಿಗೆ ಓದು ನಿಂತೋಯ್ತು. ಚಿನ್ನಸ್ವಾಮಿ ಸ್ಟೇಡಿಯಮ್ ಒಳಗೆ ಒಂದಿನ ಕಾಲಿಟ್ಟವರಲ್ಲ. ಆದ್ರೆ 1974ರಲ್ಲಿ ರಣಜಿ ಸೆಮಿಫೈನಲ್ಲಲ್ಲಿ ಕರ್ನಾಟಕ ಬಾಂಬೆನ ಮನೆಗೆ ಕಳಿಸಿ, ಅವರ 15 ವರ್ಷದ ಸಾಲು ಮುರಿದಿದ್ದನ್ನ ಹೇಳುವಾಗ ಅವರು ಇವತ್ತಿಗೂ ನಾವು ಅಂತಾರೆ. ವಿಶ್ವನಾಥ್ ಆಡಿದ್ರು ಅನ್ನಲ್ಲ, ನಾವು ಆಡಿದ್ವಿ. ಆ ನಾವು ಅನ್ನೋದಕ್ಕೆ ಅಪ್ಪನ ಹತ್ರ ಯಾರಾದ್ರೂ ಟಿಕೆಟ್ ತೋರಿಸು ಅಂದಿದ್ರೆ? ಅಂಕಲ್ ಒಂದ್ಸಲ ಹೇಳಿದ್ರು, 1969ರಲ್ಲಿ ಬೋ ಶೆಂಬೆಕ್ಲರ್ ಅನ್ನೋ ಹೊಸ ಕೋಚು ನಂಬರ್ ವನ್ ಒಹಾಯೋ ಸ್ಟೇಟನ್ನ 24-12ರಲ್ಲಿ ಹೊಡೆದಾಗ ಅವರಿಗೆ ಹದಿನೈದು ವರ್ಷ, ಅಪ್ಪನ ಜೊತೆ ಗ್ಯಾರೇಜಲ್ಲಿ ರೇಡಿಯೋ ಕೇಳ್ತಾ ಕೂತಿದ್ರಂತೆ, ಸ್ಕೂಲ್ ಮುಗಿದ ಮೇಲೆ ಆ ಅಪ್ಪನೇ ಕರ್ಕೊಂಡು ಹೋಗಿ ಲೈನಿಗೆ ಸೇರಿಸಿದ್ದು. ಅದೇ ಗ್ಯಾರೇಜು, ನಮ್ಮ ಪಕ್ಕದ್ದು. ಯೂನಿವರ್ಸಿಟಿ ಅಲ್ಲಿಂದ ಕಾರಲ್ಲಿ ಅರ್ಧ ಗಂಟೆ. ಏಳು ಸಮುದ್ರ ದಾಟಿ ಬಂದು ಡಿಗ್ರಿ ತಗೊಂಡ ನಾನು, ಅವರ ಪಕ್ಕದೂರಿನ ಕಾಲೇಜಿಗೆ ಅವರನ್ನೇ ಹೊರಗಿನವರು ಮಾಡಿದ್ದೆ. ಪಾಸ್‌ಪೋರ್ಟ್ ಕೇಳದ ಒಂದೇ ಜಾಗ ಅಂತ ನಾನು ಮೆರೀತಿದ್ದ ಜಾಗದಲ್ಲಿ.

ಕ್ಷಮೆ ಕೇಳ್ಬೇಕಿತ್ತು. ಕೇಳ್ಲಿಲ್ಲ. ಹೇಗೆ ಶುರು ಮಾಡೋದು ಗೊತ್ತಾಗ್ಲಿಲ್ಲ, ಅಷ್ಟರಲ್ಲಿ ಕೊರೋನಾ ಬಂತು. 2020ರಲ್ಲಿ ಮಿಚಿಗನ್ ಆಡಿದ್ದೇ ಆರು ಮ್ಯಾಚು, ಗೆದ್ದಿದ್ದು ಎರಡು, ಅವರ ಟೀಮಲ್ಲಿ ಸೋಂಕು ಹಬ್ಬಿ ನಮ್ಮ ಮ್ಯಾಚೇ ಕ್ಯಾನ್ಸಲ್. ಹೆದರಿ ಓಡೋದ್ರು ಅಂತ ಒಹಾಯೋ ಗ್ರೂಪಲ್ಲಿ ಮೆಸೇಜುಗಳ ಮಳೆ. ನಾನು ಯಾವುದನ್ನೂ ಫಾರ್ವರ್ಡ್ ಮಾಡ್ಲಿಲ್ಲ, ಮಾಡೋಕೆ ಆ ಕಡೆ ಯಾರೂ ಇರ್ಲಿಲ್ಲ. 2021ರಲ್ಲಿ ಹಿಮ ಬೀಳ್ತಿದ್ದ ಮಧ್ಯಾಹ್ನ ಹಸನ್ ಹ್ಯಾಸ್ಕಿನ್ಸ್ ಅನ್ನೋ ಹುಡುಗ ಐದು ಟಚ್‌ಡೌನ್ ಹೊಡೆದು ನಮ್ಮನ್ನ ಮಲಗಿಸಿದ, 42-27. ನಾನು ಕಿಟಕೀಲಿ ನಿಂತು ಕಾಯ್ತಾ ಇದ್ದೆ, ಈಗ ಬರ್ತಾರೆ, ಎಂಟು ವರ್ಷದ ಬಾಕಿ ಬಡ್ಡಿ ಸಮೇತ ತೀರಿಸ್ತಾರೆ ಅಂತ. ಅವರು ಬಂದ್ರು, ಡ್ರೈವ್‌ವೇ ಹಿಮ ತೆಗೆದ್ರು, ಒಳಗೋದ್ರು. ಈ ಕಡೆ ನೋಡ್ಲೂ ಇಲ್ಲ. 49 ಆದಾಗ್ಲೂ ನನಗೆ ಅಷ್ಟು ಅವಮಾನ ಆಗಿರ್ಲಿಲ್ಲ.

ಸರಿಹೋಗಿದ್ದು ನನ್ನ ಜಾಣತನದಿಂದೇನಲ್ಲ. ಮಗಳು ಯಾವಾಗ್ಲೋ ಮಿಚಿಗನ್ ಪಾರ್ಟಿ ಸೇರಿಬಿಟ್ಟಿದ್ಲು, ಸ್ಕೂಲಲ್ಲಿ ಎಲ್ರೂ ಅದೇ ತಾನೆ. 2022ರಲ್ಲಿ ಕೊಲಂಬಸ್‌ನಲ್ಲೇ ನಾವು 45-23ರಲ್ಲಿ ಉದುರಿದಾಗ ಅವಳು ಓಡೋಗಿ ಅವರ ಬಾಗಿಲು ತಟ್ಟಿದ್ಲು. ಮಾರನೇ ದಿನ ಬೆಳಗ್ಗೆ ನನ್ನ ಮೇಲ್‌ಬಾಕ್ಸ್ ಮೇಲೆ ಒಂದು ಒಣಗಿದ ಜೋಳದ ತೆನೆ. ಮಿಚಿಗನ್‌ನ ಬಣ್ಣ ನೀಲಿ ಮತ್ತು ಮೆಕ್ಕೆಜೋಳದ ಹಳದಿ. ತೆನೆ ಕೈಯಲ್ಲಿ ಹಿಡ್ಕೊಂಡು ಚಳೀಲಿ ನಿಂತೇ ಇದ್ದೆ. ಆಮೇಲೆ ಬೇಲಿ ಹತ್ರ ಹೋಗಿ ಅವತ್ತಿನ ಮಾತಿಗೆ ಸಾರಿ ಅಂದೆ, ಮೂರು ವರ್ಷ ಲೇಟಾಗಿ. ಯಾವ ಮಾತು ಅಂದ್ರು. ಅವರಿಗೆ ಚೆನ್ನಾಗಿ ನೆನಪಿತ್ತು, ಮುಖ ಹೇಳ್ತಿತ್ತು.

2023ರಲ್ಲಿ ಮತ್ತೆ ತೆನೆ. ಆ ವರ್ಷ ಮಿಚಿಗನ್ ಮೇಲೆ ಎದುರಾಳಿಗಳ ಸನ್ನೆ ಕದ್ದ ಆರೋಪ, ಹಾರ್ಬಾಗೆ ಕೊನೇ ಮೂರು ಮ್ಯಾಚ್ ನಿಷೇಧ, ನಾನು ಕಳ್ಳರು ಕಳ್ಳರು ಅಂತ ಬೇಲಿ ಈ ಕಡೆಯಿಂದ ಕೂಗಿದ್ದೇ ಕೂಗಿದ್ದು, ಅವರು ನ್ಯಾಷನಲ್ ಚಾಂಪಿಯನ್ನೇ ಆಗಿಬಿಟ್ರು. 2024ರಲ್ಲಿ ಮಿಚಿಗನ್ ಹೀನಾಯ, ಅದಾಗ್ಲೇ ಐದು ಸೋತಿತ್ತು, ನಾವು 2ನೇ ರ‍್ಯಾಂಕು, ನಮ್ಮ ಮನೇಲೇ ಆಟ, ಸೋತ್ವಿ. ಸ್ಕೋರು 13-10. ಟೊಲೆಡೋ 13-10 ಅಂತ ನಾನು ಅಂಕಲ್‌ಗೆ ವರ್ಷಗಟ್ಲೆ ಜಪ ಮಾಡಿ ಕೇಳಿಸಿದ್ದ ಅದೇ ನಂಬರು. 2025ರ ಜನವರಿಯಲ್ಲಿ ಒಹಾಯೋ ಸ್ಟೇಟ್ ನಾಟರ್ ಡೇಮ್‌ನ ಸೋಲಿಸಿ ದೇಶಕ್ಕೇ ಚಾಂಪಿಯನ್ ಆಯ್ತು, ನಾನು ಸ್ಕಾರ್ಲೆಟ್ ಜಾಕೆಟ್ ಹಾಕ್ಕೊಂಡು ಎದೆ ಉಬ್ಬಿಸ್ಕೊಂಡು ಅವರ ಮನೆಗೆ ಹೋದೆ. ಬಾಗಿಲು ತೆಗೆದು, ಹದಿಮೂರು-ಹತ್ತು ಅಂತ ಹೇಳಿ, ಬಾಗಿಲು ಹಾಕ್ಕೊಂಡ್ರು.

ಅದೇ ವರ್ಷ ಜೂನ್ 3ರ ಮಧ್ಯಾಹ್ನ ಇಲ್ಲಿ ಎರಡು ಗಂಟೆ ಆಸುಪಾಸು ಆರ್‌ಸಿಬಿ ಪಂಜಾಬ್‌ನ 6 ರನ್ನಿಂದ ಸೋಲಿಸಿದಾಗ ನಾನು ಕೂಗಿದ ಕೂಗಿಗೆ ಅಂಕಲ್ ಬೇಲಿ ಹತ್ರ ಓಡಿ ಬಂದ್ರು, ಯಾರಾದ್ರೂ ಹೋಗ್ಬಿಟ್ರಾ ಅಂತ. 18 ವರ್ಷ ಅಂದೆ. ಓ ಅಂದ್ರು. ನಿನ್ನ ಮಿಚಿಗನ್ ಯಾರು ಈ ಆಟದಲ್ಲಿ, ಅವರು ಏನಾದ್ರು ಅಂತ ಕೇಳಿದ್ರು. ಚೆನ್ನೈ, ಈ ವರ್ಷ ಹತ್ತಕ್ಕೆ ಹತ್ತನೇ ಜಾಗ ಅಂದೆ. ಮತ್ತೆ ಇಲ್ಲೇನು ಮಾಡ್ತಿದೀಯ, ಹೋಗಿ ಫೋನ್ ಮಾಡು ಅಂದ್ರು. ಫೋನ್ ಯಾಕೆ, ಪಾಯಿಂಟ್ಸ್ ಟೇಬಲ್‌ನ ತಲೆಕೆಳಗಾಗಿ ತಿರುಗಿಸಿ ಈಗ ನೀವೇ ಫಸ್ಟು ಅಂತ ಆಗ್ಲೇ ಕಳಿಸಿದ್ದೆ. ಚೆನ್ನೈನವನು ಉತ್ತರ ಕೊಡ್ಲಿಲ್ಲ. ಮಾರನೇ ದಿನ ಅವನೇ ಫೋನ್ ಮಾಡಿದ. ಚಿನ್ನಸ್ವಾಮಿ ಹೊರಗೆ ಕಾಲ್ತುಳಿತ ಆಗಿ 11 ಜನ ಸತ್ತ ದಿನ ಅದು. ನಿಮ್ಮ ಮನೆಯವರೆಲ್ಲ ಕ್ಷೇಮಾನಾ ಅಂತ ಕೇಳಿದ, ನನ್ನ ತಮ್ಮ ಬೆಂಗಳೂರಲ್ಲಿರೋದು ಅವನಿಗೆ ಗೊತ್ತಿತ್ತು. ಕ್ಷೇಮ ಅಂದೆ. ಇಬ್ರೂ ಸ್ವಲ್ಪ ಹೊತ್ತು ಫೋನ್ ಹಿಡ್ಕೊಂಡು ಸುಮ್ನಿದ್ವಿ. ಹತ್ತನೇ ಜಾಗದ ಮೆಸೇಜಿಗೆ ಇವತ್ತಿಗೂ ಉತ್ತರ ಇಲ್ಲ, ನಾನೂ ಕೇಳಿಲ್ಲ.

2025ರ ನವೆಂಬರ್ 29ಕ್ಕೆ ಆನ್ ಆರ್ಬರ್‌ನಲ್ಲಿ ಅಂತೂ ಗೆದ್ವಿ, 27-9. ಮಗಳು ರೂಮಿನ ಬಾಗಿಲು ಹಾಕ್ಕೊಂಡ್ಲು. ನಾನು ಡಬ್ಬಿ ಹುಡುಕಿ ತೆಗೆದೆ, ಹಳೇ ಕಾಯಿಗಳೆಲ್ಲ ಸುಕ್ಕಾಗಿ ಬಣ್ಣ ಹೋಗಿತ್ತು, ಇದ್ದಿದ್ರಲ್ಲಿ ಚೆನ್ನಾಗಿರೋದೊಂದನ್ನ ಅಂಗಿಗೆ ಉಜ್ಜಿ ಅವರ ಮೇಲ್‌ಬಾಕ್ಸ್ ಮೇಲಿಟ್ಟೆ. ಭಾನುವಾರ ಪೂರ್ತಿ ಅಲ್ಲೇ ಇತ್ತು. ಸೋಮವಾರಾನೂ ಇತ್ತು. ಅಡುಗೆಮನೆ ಕಿಟಕೀಲಿ ಎಷ್ಟು ಸಲ ಇಣುಕಿದೆ ಅಂತ ಹೆಂಡ್ತಿ ಲೆಕ್ಕ ಇಟ್ಟಿದಾಳೆ. ಮಂಗಳವಾರ ಬೆಳಗ್ಗೆ ಕಸದ ಡಬ್ಬಿ ಹೊರಗಿಡೋಕೆ ಹೋದಾಗ ಕಾಯಿ ನನ್ನ ಕಾರಿನ ಬಾನೆಟ್ ಮೇಲೆ, ವೈಪರ್‌ಗೆ ಸಿಕ್ಕಾಕ್ಕೊಂಡು ಕೂತಿತ್ತು. ಬೇಲಿಯಿಂದ ಅಲ್ಲೀವರೆಗೆ ಎಸೀಬೇಕು ಅಂದ್ರೆ ಎಪ್ಪತ್ತು ದಾಟಿದ ಕೈಗೆ ಸುಮಾರು ಜೋರೇ ಬೇಕು. ಬಾನೆಟ್ ಮೇಲೆ ಸಣ್ಣ ಡೆಂಟ್ ಇದೆ ಅಂತಾಳೆ ಮಗಳು.